ಬಿಳಿ ಅಂಚಿಲ್ಲದ ಕೆಂಪು ಪಟ್ಟಿ

ರೆಸಿಡೆಂಟ್ ಕಾರ್ಡ್ ಹುಡುಕುತ್ತ ಹಳೆಯ ಪಾಸ್‌ಪೋರ್ಟ್ ಕೊಡವಿದಾಗ ಬೆರಳಗಲದ ಕೆಂಪು ರಿಬ್ಬನ್ ತುಂಡೊಂದು ಕೆಳಗೆ ಬಿತ್ತು. ಮೂಸಿ ನೋಡಿದೆ. ಇಸ್ತ್ರಿಯ ಬಿಸಿಬಟ್ಟೆಯ ವಾಸನೆ ಇನ್ನೂ ಇತ್ತೋ, ನನಗೆ ಹಾಗನ್ನಿಸಿತೋ...

ಒಮಾನಿನ ಸಲಾಲಾದ ಇದೇ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ಟೈಲರಣ್ಣ. ಉಡುಪಿ ಕಡೆಯವರು. ಸೈನ್ಯದ ಕ್ಯಾಂಪಿನಲ್ಲಿ ಸಮವಸ್ತ್ರ ಹೊಲಿಯುವುದು, ಅಧಿಕಾರಿಗಳ ಎದೆಯ ಮೇಲೆ ಪದಕದ ರಿಬ್ಬನ್ ಕೂರಿಸುವುದು ಅವರ ಕೆಲಸ. ಬೇರೆಯವರ ಎದೆಗೆ ಹೊಲಿದು ಹೊಲಿದು ಕೊನೆಗೊಮ್ಮೆ ಅವರಿಗೇ ಸುಲ್ತಾನರ ಹೆಸರಿನಲ್ಲಿ ದೀರ್ಘಸೇವಾ ಪದಕ ಬಂತು. ಅಷ್ಟೇ ವರ್ಷ ಬಂದರಿನ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಂಡ ನನಗೆ ಕಂಪೆನಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದೂ ಹಿಂದೆ ಬೀಳುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅವರಿಗೋ ಪದಕಕ್ಕಿಂತ ಅದರ ಕಥೆಯ ಮೇಲೆಯೇ ಮೋಹ. ಇಂಥ ಪದಕವನ್ನು ಹಿಂದೆ ಇಂಗ್ಲೆಂಡಿನ ದೊರೆ ತನ್ನ ಸಿಪಾಯಿಗಳಿಗೆ ಕೊಡುತ್ತಿದ್ದನಂತೆ. ಆಗ ಅದರ ರಿಬ್ಬನ್ ಬರೀ ಕೆಂಪು. ಶೌರ್ಯದ ಅತಿ ದೊಡ್ಡ ಪದಕದ್ದೂ ಹೆಚ್ಚುಕಡಿಮೆ ಅದೇ ಕೆಂಪು. ದೂರದಿಂದ ನೋಡಿದರೆ ಯಾರು ಶೂರ, ಯಾರು ಬರೀ ಹಳಬ ಎಂದು ತಿಳಿಯದು. ಅದಕ್ಕೇ ಮೊದಲ ಮಹಾಯುದ್ಧದ ಹೊತ್ತಿಗೆ ಹಳಬರ ರಿಬ್ಬನ್ನಿನ ಎರಡೂ ಬದಿಗೆ ಬಿಳಿ ಅಂಚು ಬಂತಂತೆ. ಇದನ್ನು ಅವರು ಎಷ್ಟು ಸಲ ಹೇಳಿದ್ದರೋ...

ಆ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿದರು. ನಾನು ಕುರ್ಚಿ ಜೋಡಿಸುತ್ತಿದ್ದೆ. ನನ್ನ ಮಾತಿಗೆ ಇಂಗ್ಲಿಷಿನಲ್ಲಿ ಮಾತ್ರ ಉತ್ತರಿಸುವ ಮಗಳು ಅವರ ಪದಕ ಹಿಡಿದುಕೊಂಡು, ಯುದ್ಧ ಮಾಡಿದ್ದೀರಾ ಎಂದು ಕನ್ನಡದಲ್ಲಿ ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಇಲ್ಲ ಮಗಾ, ಟೈಲರಣ್ಣ ಬಿಳಿ ಅಂಚಿನವ್ರು. ಶೂರ ಅಂತ ಯಾರೂ ತಪ್ಪು ತಿಳ್ಕೊಳ್ಬಾರ್ದಲ್ಲ."

ಎಲ್ಲರೂ ನಕ್ಕರು. ಅವರೂ ನಕ್ಕರು. ನಗುತ್ತಲೇ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅದನ್ನು ಅವರ ಎದೆಯ ಮೇಲೆ ನಾನು ಕಾಣಲಿಲ್ಲ.

ವೀಸಾ ಮುಗಿಸಿ ಊರಿಗೆ ಹೊರಟ ದಿನ ಅವರು ಮೆಟ್ಟಿಲು ಹತ್ತಿ ಬಂದು ಈ ತುಂಡನ್ನು ನನ್ನ ಅಂಗೈಯಲ್ಲಿಟ್ಟರು.

"ಬಿಳಿ ಅಂಚಿಲ್ಲದ್ದು ನಿಮ್ಗಿರ್ಲಿ ಮಾರಾಯ್ರೆ. ಅಷ್ಟು ಜನರ ಎದ್ರು ಹೇಳ್ಲಿಕ್ಕೆ ಧೈರ್ಯ ಬೇಕಲ್ಲ."

ಕುಹಕವಿದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ಯಲ್ಲಾ, ಹೊರಡಿ, ಟ್ಯಾಕ್ಸಿ ಕಾಯ್ತಾ ಉಂಟು" ಎಂದಷ್ಟೇ.

ಕಳೆದ ವಾರ ವಾಟ್ಸಾಪ್ ಗುಂಪಿನಲ್ಲಿ ಹೂಹಾರ ಹಾಕಿದ ಅವರ ಫೋಟೋ ಬಂತು. ಅದರಲ್ಲಿಯೂ ಪದಕವಿರಲಿಲ್ಲ.

ಅವರು ಬದುಕಿದ್ದಾಗ ಫೋನ್ ಮಾಡಿ ತಪ್ಪು ಒಪ್ಪಿಕೊಳ್ಳುವಷ್ಟೂ ಧೈರ್ಯವಿಲ್ಲದವನಿಗೆ ಶೂರರ ಕೆಂಪು ಯಾಕೆ? ಅಂಚಿಗೆ ಬಿಳಿ ದಾರ ನಾನೇ ಹಾಕೋಣವೆಂದು ಈಗ ಹೆಂಡತಿಯ ಸೂಜಿ ಹಿಡಿದು ಕೂತಿದ್ದೇನೆ. ಹೊಲಿಗೆ ಸೊಟ್ಟಗೆ ಹೋಗುತ್ತಿದೆ. ಟೈಲರಣ್ಣನ ಕೈಯ ಆ ನೇರ ಹೊಲಿಗೆ ನೆನಪಾಗಿ, ಈಗಲೂ, ಹೊಟ್ಟೆ ಉರಿಯುತ್ತಿದೆ.