ಹೊಡೆಯದೆ ಹಿಡಿದ ಚೆಂಡು

ನಮ್ಮ ಕಡೆ ಹುಡುಗನೊಬ್ಬ ಉದ್ದ ಬೆಳೆದನೆಂದರೆ ಅವನು ವಾಲಿಬಾಲಿಗೆ ಸೇರಿದವನು ಎಂದೇ ಲೆಕ್ಕ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಕೊಯ್ಲಾದ ಗದ್ದೆಯಲ್ಲಿ, ಕಡಲಿನ ಬದಿಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಎಲ್ಲಿ ನೋಡಿದರೂ ಎರಡು ಕಂಬ, ಒಂದು ನೆಟ್ಟು. ಬಾಸ್ಕೆಟ್‌ಬಾಲ್ ಅಂದರೆ ಅದು ಪೇಟೆಯ ಶಾಲೆಯವರ ಶೋಕಿ. ಆದ್ದರಿಂದ ನಾನು ಹೇಳಹೊರಟಿರುವ ಹುಡುಗ ಆ ಬುಟ್ಟಿಯ ಕೆಳಗೆ ಬಂದು ನಿಂತದ್ದೇ ಒಂದು ಆಕ್ಸಿಡೆಂಟ್. ಕ್ಲಾಸಿನಲ್ಲಿ ಕೆಟ್ಟುಹೋದ ಟ್ಯೂಬ್‌ಲೈಟನ್ನು ಬೆಂಚು ಹತ್ತದೆಯೇ ಬಿಚ್ಚಿ ಕೆಳಗಿಟ್ಟನಂತೆ. ಬಾಗಿಲಲ್ಲಿದ್ದ ಪಿ.ಟಿ. ಮೇಷ್ಟ್ರು ಅದನ್ನು ನೋಡಿ, ಅಂದೇ ಸಂಜೆ ಅವನನ್ನು ಕೋರ್ಟಿಗೆ ಎಳೆದು ತಂದರು.

ಆ ಕೋರ್ಟು ಕುಂದಾಪುರದ ನನ್ನ ಮನೆಯ ಕಂಪೌಂಡಿನ ಆಚೆಗೇ ಇದೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಸಂಜೆಯ ಚಾ ಹಿಡಿದು ಜಗಲಿಯಲ್ಲಿ ಕೂತು ಹುಡುಗರ ಆಟ ನೋಡುವುದು ನನ್ನ ಪರ್ಮನೆಂಟ್ ಕೆಲಸ. ಪಿ.ಯು. ಕಾಲೇಜಿನ ಮಕ್ಕಳಿಗೆ ನಾನು ‘ಬ್ಯಾಂಕಿನಮ್ಮ’. ಅಜ್ಜಿಗೆ ಇದರಲ್ಲಿ ಏನು ಇಂಟರೆಸ್ಟು ಎಂದು ಅವರಿಗೆ ಆಶ್ಚರ್ಯವಿದ್ದಿರಬೇಕು. ಕಾನ್ವೆಂಟಿನಲ್ಲಿ ನಾನೂ ಈ ಆಟ ಆಡಿದವಳು. ಎರಡು ಜಡೆ, ಮೊಣಕಾಲಿನ ಕೆಳಗಿಳಿಯುವ ಸ್ಕರ್ಟು, ಸೀಮೆಸುಣ್ಣ ಬಳಿದ ಕ್ಯಾನ್ವಾಸ್ ಶೂ. ಟೀಮಿನಲ್ಲಿ ಎಲ್ಲರಿಗಿಂತ ಗಿಡ್ಡ ನಾನೇ. ನಮ್ಮ ಸಿಸ್ಟರ್ ನಿಲುವಂಗಿಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನಮ್ಮ ಜೊತೆಗೇ ಓಡುತ್ತಾ “ಸಾಫ್ಟ್ ಹ್ಯಾಂಡ್ಸ್, ಗರ್ಲ್ಸ್, ಸಾಫ್ಟ್ ಹ್ಯಾಂಡ್ಸ್!” ಎಂದು ಕೂಗುತ್ತಿದ್ದರು. ಮದುವೆಯಾದ ಮೇಲೆ ಚೆಂಡು ಮುಟ್ಟಿದ್ದಿಲ್ಲ. ಆದರೂ ಅಂಗೈಗೆ ಆ ಚರ್ಮದ ಒರಟು ಈಗಲೂ ನೆನಪಿದೆ. ವಿಚಿತ್ರ, ಎಷ್ಟೋ ಮುಖಗಳು ಮರೆತಿವೆ.

ಹುಡುಗ ಬೈಂದೂರಿನ ಆಚೆಯ ಕಡಲಕರೆಯವನು. ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಒಮ್ಮೆ ನಾನು ಕೊಲ್ಲೂರಿಗೆ ಹೋಗಿ ವಾಪಸು ಬರುವಾಗ ಬೈಂದೂರಿನಲ್ಲಿ ಬಸ್ಸು ಬದಲಿಸಿದೆ. ಅದೇ ಬಸ್ಸಿನಲ್ಲಿ ಅವನು ಕುತ್ತಿಗೆ ಓರೆಮಾಡಿ, ಬಸ್ಸಿನ ಮಾಡಿಗೆ ತಲೆ ತಾಗದಂತೆ ನಿಂತಿದ್ದ. ಕಂಡಕ್ಟರ್, “ಹ್ವಾಯ್, ನಿಂಗ್ ಟಿಕೆಟ್ ಎರಡ್ ಆಯ್ಕ್ ಮಾರಾಯ, ಕಾಲಿಗ್ ಒಂದ್, ತಲಿಗ್ ಒಂದ್!” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗನೂ ನಕ್ಕ. ಆದರೆ ತಲ್ಲೂರು ದಾಟುವವರೆಗೂ ಹೆಗಲನ್ನು ಇನ್ನಷ್ಟು ಕುಗ್ಗಿಸಿಕೊಂಡೇ ಇದ್ದ. ತನ್ನ ಎತ್ತರವನ್ನು ಬೇರೆಯವರದ್ದೇನೋ ತಪ್ಪಿ ತಂದವನ ಹಾಗೆ ಹೊತ್ತುಕೊಂಡಿದ್ದ.

ಕೋರ್ಟಿನಲ್ಲಿ ಮಾತ್ರ ಅವನು ಪೂರ್ತಿ ನೆಟ್ಟಗೆ ನಿಲ್ಲುತ್ತಿದ್ದ. ನಮ್ಮ ಕಾಲದಲ್ಲಿ ಬುಟ್ಟಿಯ ಕೆಳಗೆ ಆಡುವ ಉದ್ದದವರನ್ನು ‘ಪಿವಟ್’ ಎನ್ನುತ್ತಿದ್ದೆವು. ಈಗಿನ ಮಕ್ಕಳು ‘ಬಿಗ್ ಮ್ಯಾನ್’ ಎನ್ನುತ್ತಾರೆ. ಉದ್ದದವರನ್ನು ನಾನು ಬೇಕಷ್ಟು ನೋಡಿದ್ದೇನೆ. ಹೆಚ್ಚಿನವರು ಏಣಿಯ ಹಾಗೆ: ಇಟ್ಟಲ್ಲಿ ಇರುತ್ತಾರೆ. ಇವನ ಪಾದ ಬೇರೆಯೇ. ಹೊಯ್ಗೆಯಲ್ಲಿ ಹಾರಿ ಬೆಳೆದ ಕಾಲಿಗೆ ಸಿಮೆಂಟಿನ ನೆಲ ಸಿಕ್ಕಾಗ ಅದು ನೆಲವನ್ನು ಕೇಳದೆಯೇ ಮೇಲೇಳುತ್ತಿತ್ತು. ಒಂದು ಸಲ ತೋರಿಸಿದ ತಿರುವು ಮರುದಿನ ಅವನದ್ದೇ ಆಗಿರುತ್ತಿತ್ತು. ಎಡಗೈ, ಬಲಗೈ ಎಂಬ ಭೇದ ಇರಲಿಲ್ಲ. ಎದುರಿನವನು ಬಿದ್ದರೆ ಮೊದಲು ಅವನನ್ನು ಎತ್ತಿ, ಆಮೇಲೆ ಓಡುತ್ತಿದ್ದ. ಮೇಷ್ಟ್ರು ಬೈದರೂ ಅದು ಮಾತ್ರ ಬಿಡಲಿಲ್ಲ.

ಒಂದೇ ಒಂದು ತೊಂದರೆ. ಚೆಂಡು ತಲೆಯ ಮೇಲೆ ಕಂಡರೆ ಸಾಕು, ಅವನು ಹೊಡೆಯುತ್ತಿದ್ದ. ವಾಲಿಬಾಲಿನ ಕೈ. ಎದುರಿನವರು ಬುಟ್ಟಿಗೆ ಎಸೆದ ಚೆಂಡನ್ನು ಮೇಲೆ ಹಾರಿ ಫಟಾರ್ ಎಂದು ಬಾರಿಸಿದರೆ ಅದು ಕಂಪೌಂಡ್ ಹಾರಿ ನನ್ನ ದಾಸವಾಳದ ಗಿಡಕ್ಕೆ ಬಂದು ಬೀಳುತ್ತಿತ್ತು. ಹುಡುಗರೆಲ್ಲ ಕೇಕೆ ಹಾಕುತ್ತಿದ್ದರು. ಆದರೆ ಚೆಂಡು ಗೆರೆಯಿಂದ ಹೊರಗೆ ಹೋದರೆ ಅದು ಮತ್ತೆ ಎದುರಿನವರದ್ದೇ. ಬುಟ್ಟಿಗೆ ಇಳಿಯುತ್ತಿದ್ದ ಚೆಂಡನ್ನೂ ಹೊಡೆದುಬಿಡುತ್ತಿದ್ದ. ಆಗ ರೆಫ್ರಿ ಎದುರಿನವರಿಗೆ ಪಾಯಿಂಟನ್ನೇ ಕೊಟ್ಟುಬಿಡುತ್ತಾರೆ. ಟೀಮಿನ ಗಿಡ್ಡ ಹುಡುಗ, ಚೆಂಡು ಹಂಚಿ ಆಟ ನಡೆಸುವವನು, ಹಾಲಾಡಿಯವನು, ಬಾಯಿ ಬಹಳ ಜೋರು. ಒಂದು ದಿನ ದಾಸವಾಳದ ಗಿಡದೊಳಗೆ ಚೆಂಡು ಹುಡುಕುತ್ತಾ ಗೊಣಗಿದ: “ಅವ್ನಿಗೆ ಚಪ್ಪಾಳಿ, ನಂಗ್ ಇರುವೆ ಕಚ್ಚೂದ್. ಅಮ್ಮ, ನೀವಾರೂ ಹೇಳಿ ಅವ್ನಿಗೆ!”

ಹೇಳಿ ಏನು ಪ್ರಯೋಜನ? ಮೇಷ್ಟ್ರು ಹೇಳಿ ಹೇಳಿ ಸೋತಿದ್ದರು. ಮತ್ತೆ, ಸಮಯವೂ ಹೆಚ್ಚಿರಲಿಲ್ಲ. ಬ್ರಹ್ಮಾವರದಲ್ಲಿ ಟೂರ್ನಮೆಂಟು ಇತ್ತು. ದೂರದ ಕ್ರೀಡಾ ಹಾಸ್ಟೆಲಿನ ಕೋಚ್ ಹುಡುಗರನ್ನು ಆರಿಸಲು ಬರುವವರಿದ್ದರು. ಹುಡುಗನನ್ನು ಸಾಕಿದ್ದು ಅವನ ಅಮ್ಮನ ತಮ್ಮ, ಬೋಟಿನ ತಾಂಡೇಲ. ಬೋಟಿಗೆ ಹೇಗೋ, ಊರಿನ ವಾಲಿಬಾಲ್ ಟೀಮಿಗೂ ಹಾಗೆಯೇ ಅವನೇ ಯಜಮಾನ. ಮಾವ ಒಂದು ಮಾತು ಹೇಳಿಯಾಗಿತ್ತು: ಬ್ರಹ್ಮಾವರದಲ್ಲಿ ಆರಿಸಿದರೆ ಹಾಸ್ಟೆಲಿಗೆ ಹೋಗು, ಇಲ್ಲದಿದ್ದರೆ ಈ ಬುಟ್ಟಿಯಾಟ ಬಿಟ್ಟು ಸಂಜೆ ನಮ್ಮ ನೆಟ್ಟಿಗೆ, ಪರೀಕ್ಷೆ ಮುಗಿದ ಮೇಲೆ ಬೋಟಿಗೆ. ಕೆಟ್ಟ ಮನುಷ್ಯನಲ್ಲ. ಕಡಲೂ ಕೆಟ್ಟ ಬದುಕಲ್ಲ. ಆದರೆ ಆ ಪಾದಗಳನ್ನು ನೋಡಿದ ನನಗೆ ರಾತ್ರಿ ನಿದ್ದೆ ಸರಿ ಬರುತ್ತಿರಲಿಲ್ಲ, ಟು ಬಿ ಫ್ರ್ಯಾಂಕ್.

ಆ ಭಾನುವಾರ ನನ್ನ ಮನೆಯ ಮಾಡಿನ ಒಡೆದ ಹಂಚು ತೆಗೆದು ಬೇರೆ ಹಾಕಿಸುವ ಕೆಲಸ ಇತ್ತು. ಕೆಲಸದವನು ಮೇಲೆ, ಕೊಡುವವರು ಕೆಳಗೆ. ಟೀಮಿನ ಹುಡುಗರೆಲ್ಲ ಸಹಾಯಕ್ಕೆ ಬಂದರು. ಬನ್ಸ್ ಮಾಡುತ್ತೇನೆ ಎಂದು ಆಸೆ ತೋರಿಸಿದ್ದೆ. ಅಂಗಳದ ತುದಿಯಿಂದ ಒಬ್ಬರು ಹಂಚು ಎಸೆಯುವುದು, ಮುಂದಿನವನು ಹಿಡಿದು ಇನ್ನೊಬ್ಬನಿಗೆ ಎಸೆಯುವುದು. ಉದ್ದದವನು ಮಾಡಿನ ಅಂಚಿನ ಕೆಳಗೆ ನಿಂತು, ಬಂದ ಹಂಚನ್ನು ಗಾಳಿಯಲ್ಲೇ ಹಿಡಿದು, ಏಣಿಯ ಹಂಗಿಲ್ಲದೆ ಮೇಲಿದ್ದವನ ಕೈಗೆ ಇಡುತ್ತಿದ್ದ. ನಾನು ಬನ್ಸ್ ಲಟ್ಟಿಸುತ್ತಿದ್ದವಳು ಕಿಟಕಿಯಲ್ಲಿ ಹಾಗೆಯೇ ನಿಂತೆ. ಎರಡೂ ಕೈ ಮುಂದೆ ಹೋಗಿ, ಹಂಚು ತಾಗುತ್ತಲೇ ಅದರ ಜೊತೆ ಚೂರು ಹಿಂದೆ ಬಂದು, ಎದೆಯ ಹತ್ತಿರ ನಿಲ್ಲುತ್ತಿದ್ದವು. ಸದ್ದೇ ಇಲ್ಲ. ಒಂದೂ ಒಡೆಯಲಿಲ್ಲ.

ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. “ಇದೇ ಮಗಾ! ದಿಸ್ ಈಸ್ ಇಟ್! ಬಾಲನ್ನೂ ಹೀಂಗೇ ಹಿಡಿ!”

ಅವನು ಹಂಚು ಹಿಡಿದುಕೊಂಡೇ ಯೋಚಿಸಿದ. “ಹಂಚ್ ಹೊಡ್ದ್ರೆ ಒಡೂತ್ತ್ ಅಮ್ಮ. ಬಾಲ್ ಒಡೂದಿಲ್ಲೆ ಅಲ್ದಾ?”

“ಒಡೂದಿಲ್ಲೆ. ಆರೆ ನಿನ್ ಕೈ ಬಿಟ್ಟ್ ಹೋತ್ತ್. ನಿಂಗ್ ಸಿಕ್ಕಿದ್ದನ್ನ ಯಾಕೆ ಬೇರೆಯವ್ರಿಗ್ ಕೊಡ್ತೆ?”

ಹಾಲಾಡಿಯವನು ಹಿಂದಿನಿಂದ, “ದಾನಶೂರ ಅಮ್ಮ ಇವ!” ಎಂದ.

ಮರುದಿನದಿಂದ ಕೋರ್ಟಿನಲ್ಲಿ ಒಂದೇ ಅಭ್ಯಾಸ. ಗಿಡ್ಡ ಹುಡುಗ ಬುಟ್ಟಿಗೆ ಎಸೆಯುವುದು, ಇವನು ಹಾರಿ ಎರಡೂ ಕೈಯಲ್ಲಿ ಅದನ್ನು ಮೇಲೇರುವಾಗಲೇ ಹಿಡಿದು ಕೆಳಗೆ ತರುವುದು. ಮೊದಮೊದಲು ಬೆರಳು ಮಡಚಿತು, ಚೆಂಡು ಜಾರಿತು, ದಾಸವಾಳಕ್ಕೂ ಪೂರ್ತಿ ಬಿಡುಗಡೆ ಸಿಗಲಿಲ್ಲ. ಆದರೆ ಒಂದು ಸಂಜೆ ಚೆಂಡು ಅವನ ಕೈಯಲ್ಲಿ ಹಕ್ಕಿ ಕೂತ ಹಾಗೆ ಕೂತಿತು. ಅವನೇ ಬೆಚ್ಚಿ ಅದನ್ನು ನೋಡಿದ. ಆ ಮುಖ ನಾನು ಮರೆಯಲಾರೆ.

ಬ್ರಹ್ಮಾವರಕ್ಕೆ ಮೇಷ್ಟ್ರು ನನ್ನನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಮಾವನೂ ಬಂದಿದ್ದ, ಬೋಟಿನ ಹುಡುಗರ ದಂಡು ಕಟ್ಟಿಕೊಂಡು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತ. ಕೋಚ್ ಎದುರುಗಡೆ, ಕೈಕಟ್ಟಿ, ಮುಖದಲ್ಲಿ ಏನೂ ತೋರಿಸದೆ ನಿಂತಿದ್ದರು. ಎದುರು ಟೀಮಿನಲ್ಲೂ ಒಬ್ಬ ಉದ್ದದವನಿದ್ದ, ನಮ್ಮವನಿಗಿಂತ ದಪ್ಪ.

ಮೊದಲ ಸಲ ಚೆಂಡು ಬುಟ್ಟಿಯ ಕಡೆ ಏರಿದಾಗ ಮಾವ ಎದ್ದು ನಿಂತು ಕೂಗಿದ: “ಹೊಡಿ ಮಗಾ! ಬಿಡ್ಬೇಡ!” ಹುಟ್ಟಿದಂದಿನಿಂದ ಕೇಳಿದ ಸ್ವರ. ಹುಡುಗನ ಕೈ ತಾನಾಗಿಯೇ ಬೀಸಿತು. ಚೆಂಡು ಜನರ ನಡುವೆ ಹೋಗಿ ಬಿತ್ತು. ಬೋಟಿನವರು ಸಿಳ್ಳೆ ಹೊಡೆದರು. ಕೋಚ್ ತಲೆ ತಗ್ಗಿಸಿ ಏನೋ ಯೋಚಿಸಿದರು. ಎದುರಿನವರು ಅದೇ ಚೆಂಡನ್ನು ಗೆರೆಯಿಂದ ಒಳಗೆ ತಂದು ಪಾಯಿಂಟ್ ಮಾಡಿದರು. ಇನ್ನೊಂದು ಸಲವೂ ಹಾಗೆಯೇ ಆಯಿತು.

ನಾನು ಮಾವನ ಅಂಗಿ ಜಗ್ಗಿದೆ. “ಹ್ವಾಯ್, ಕೂಕಣಿ. ನೀವ್ ಕೂಗೂದ್ ಕೇಂಡೇ ಅವ ಹೊಡೂದ್. ಇಲ್ಲಿ ಹೊಡ್ದ್ರೆ ಲಾಸ್.”

“ಹೊಡೂಕಿಲ್ಯಾ?” ಅವನಿಗೆ ನಂಬಿಕೆ ಬರಲಿಲ್ಲ. “ಮತ್ತ್ ಇದೆಂತ ಆಟ ಅಮ್ಮ?”

“ಹಿಡೂ ಆಟ. ಚೂರ್ ಹೊತ್ತ್ ಬಾಯ್ ಮುಚ್ಕಂಡ್ ಕಾಣಿ.”

ತಾಂಡೇಲನಿಗೆ ಯಾರೂ ಹಾಗೆ ಹೇಳಿರಲಿಕ್ಕಿಲ್ಲ. ಬೋಟಿನ ಹುಡುಗರು ನೆಲ ನೋಡಿದರು. ಅವನು ಕೂತ. ಅಷ್ಟೇ ಅಲ್ಲ, ಹಿಂದೆ ತಿರುಗಿ “ಸುಮ್ನಿರಿ ಮಕ್ಳೆ” ಎಂದು ಅವರಿಗೂ ಗದರಿದ.

ಆಟ ಮುಗಿಯುವ ಹೊತ್ತಿಗೆ ಎರಡು ಟೀಮೂ ಸಮ ಸಮ. ಎದುರಿನ ದಪ್ಪದವನು ಹೆಗಲು ಕೊಟ್ಟು ಒಳಗೆ ನುಗ್ಗಿ ಚೆಂಡು ಎತ್ತಿದ. ನಮ್ಮವನು ಹಾರಿದ. ಮಾವ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸ್ವರ ಮಾತ್ರ ಹೊರಬರಲಿಲ್ಲ. ಚೆಂಡು ಆ ದಪ್ಪದವನ ಬೆರಳು ಬಿಡುತ್ತಲೇ ಎರಡು ಅಗಲದ ಅಂಗೈಗಳು ಅದನ್ನು ಮೇಲೆಯೇ ತೆಗೆದುಕೊಂಡವು. ಹೊಡೆದ ಸದ್ದಿಲ್ಲ, ಸಿಳ್ಳೆಯಿಲ್ಲ. ನೋಡುತ್ತಿದ್ದವರಿಗೆ ಏನಾಯಿತೆಂದೇ ಹೊಳೆಯಲಿಲ್ಲ. ಅವನು ನೆಲಕ್ಕೆ ಇಳಿಯುವ ಮೊದಲೇ ಹಾಲಾಡಿಯವನು ಎಲ್ಲಿದ್ದಾನೆಂದು ನೋಡಿಯಾಗಿತ್ತು. ಉದ್ದದ ಒಂದು ಪಾಸ್. ಗಿಡ್ಡ ಹುಡುಗ ಒಬ್ಬನೇ ಆ ಕಡೆಗೆ ಓಡಿ ಚೆಂಡನ್ನು ಬುಟ್ಟಿಗೆ ಹಾಕಿ, ಅಲ್ಲಿಂದಲೇ ಕುಣಿಯುತ್ತಾ ಬಂದ.

ಶಕ್ತಿ ಎಂದರೆ ಜೋರು ಎಂದುಕೊಂಡ ವಯಸ್ಸಿನಲ್ಲಿ, ಸಾವಿರ ಕಣ್ಣಿನ ಎದುರು, ಜೋರನ್ನು ಕೈಯೊಳಗೇ ಇಟ್ಟುಕೊಳ್ಳುವುದು ಎಷ್ಟು ಜನರಿಗೆ ಸಾಧ್ಯ? ದೊಡ್ಡ ಆಟಗಾರ ಆಗುತ್ತಾನೋ ಇಲ್ಲವೋ ಎಂದು ಹೇಳಲು ನಾನ್ಯಾರು. ಮೊಣಕಾಲು ಇದೆ, ಅದೃಷ್ಟ ಇದೆ, ಇನ್ನೂ ಏನೇನೋ ಇದೆ. ಆದರೆ ಗ್ರೇಟ್‌ನೆಸ್ ಎಂಬುದು ಎಲ್ಲಿಂದ ಮೊಳೆಯುತ್ತದೆಯೋ ಆ ಜಾಗವನ್ನು ನಾನು ಬ್ರಹ್ಮಾವರದಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನೋಡಿದೆ.

ಕೋಚ್ ನೇರವಾಗಿ ನಮ್ಮ ಕಡೆಗೇ ಬಂದರು. “ಹುಡುಗನ ಮನೆಯವರು ಯಾರು?” ಎಂದರು. ಮಾವ ಎದ್ದು ಲುಂಗಿ ಸರಿಮಾಡಿಕೊಂಡ. “ಎತ್ತರ ದೇವರು ಕೊಟ್ಟದ್ದು. ಆ ಕೊನೆಯ ಪಾಸ್ ಇವನದ್ದು. ನನಗೆ ಇವನು ಬೇಕು,” ಎಂದರು ಕೋಚ್.

ಹುಡುಗ ಬೆವರು ಸುರಿಸುತ್ತಾ ಸ್ವಲ್ಪ ದೂರದಲ್ಲೇ ನಿಂತ. ಹತ್ತಿರ ಬರಲು ಧೈರ್ಯವಿಲ್ಲ. ಮಾವ ಅವನನ್ನು ಕಾಲಿನಿಂದ ತಲೆಯವರೆಗೆ, ಮೊದಲ ಸಲ ನೋಡುವವನ ಹಾಗೆ ನೋಡಿದ. ಮಾತು ಕೊಟ್ಟವನು, ತಪ್ಪುವವನಲ್ಲ.

ಕೋಚ್ ಕಡೆ ತಿರುಗಿ ಕೇಳಿದ: “ಅಲ್ಲಿನ ಮಂಚ ಇವ್ನ ಕಾಲಿಗ್ ಸಾಕಾತ್ತಾ ಸಾರ್?”

“ಇಲ್ಲ,” ಎಂದು ಕೋಚ್ ನಕ್ಕರು. “ಎರಡು ಮಂಚ ಜೋಡಿಸಿ ಕೊಡ್ತೇವೆ.”

“ಜೋಡ್ಸಿ ಕೊಡಿ,” ಎಂದ ಮಾವ. “ಚಿಕ್ಕಂದಿಂದ್ಲೂ ಕಾಲ್ ನೀಡಿ ಮಲ್ಗಿದವನಲ್ಲ.”