ಒಂದು ಚಿಟಿಕೆ ಹಿಟ್ಟು

ಬನ್ನಿಮಂಟಪದ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಎರಡು ಮಿಷನ್ನು, ಒಂದು ತಕ್ಕಡಿ, ಗಿರಾಕಿಗಳು ಕೂರಲಿ ಅಂತ ಹಾಕಿದ ಒಂದು ಬೆಂಚು. ಕರೆಂಟು ಹೋಗುತ್ತದೆ, ಬೆಲ್ಟು ಹರಿಯುತ್ತದೆ, ಗೋಧಿಹಿಟ್ಟಿಗೆ ರಾಗಿಯ ಬಣ್ಣ ಬಂತು ಅಂತ ಒಬ್ಬರು ಕೂಗಾಡಿದರೆ, ನನ್ನ ಡಬ್ಬ ಮುಂದಿತ್ತು ಅಂತ ಇನ್ನೊಬ್ಬರು. ಬೆಳಗಿನಿಂದ ಸಂಜೆತನಕ ಒಂದಲ್ಲ ಒಂದು ರಗಳೆ. ಅದಕ್ಕೆಲ್ಲ ನನ್ನ ಬಾಯಿಯೇ ಮದ್ದು. “ಅಮ್ಮಾವ್ರ ಬಾಯಿ ಮುಂದೆ ಮಿಷನ್ ಸದ್ದೇ ಕೇಳ್ಸಲ್ಲ” ಅಂತ ಬೆಂಚಿನ ಮೇಲೆ ಕೂತವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನು.

ಆದರೆ ಜನ ನಮ್ಮ ಮಿಲ್ಲಿಗೇ ಬರುತ್ತಿದ್ದದ್ದು ನಮ್ಮೆಜಮಾನರ ಮೂಗನ್ನು ನಂಬಿ. ಮಿಷನ್ನಿನೊಳಗೆ ಎರಡು ಕಲ್ಲು. ಹಿಟ್ಟು ನುಣ್ಣಗೆ ಬೇಕೆಂದರೆ ಚಕ್ರ ತಿರುಗಿಸಿ ಕಲ್ಲು ಬಿಗಿಮಾಡಬೇಕು. ಬಿಗಿ ಒಂದು ಕೂದಲೆಳೆ ಹೆಚ್ಚಾದರೂ ಹಿಟ್ಟು ಕಾದು ಸೀದುಹೋಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಬಿಸಿ ತಟ್ಟುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇವರು ಆ ಮೂಲೆಯಲ್ಲಿ ತೂಕ ಹಾಕುತ್ತಿದ್ದರೂ ಥಟ್ಟನೆ ಮೂಗರಳಿಸಿ ಎದ್ದುಬಂದು ಚಕ್ರ ಸಡಿಲಿಸುತ್ತಿದ್ದರು. ಕೊನೆಗೆ ಒಂದು ಚಿಟಿಕೆ ಹಿಟ್ಟನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, “ಆಯ್ತು, ತಗೊಂಡ್ಹೋಗಿ” ಅನ್ನಬೇಕು. ಅಲ್ಲಿಯವರೆಗೆ ಯಾರೂ ಡಬ್ಬ ಮುಟ್ಟುತ್ತಿರಲಿಲ್ಲ. ಪ್ಯಾಕೆಟ್ ಹಿಟ್ಟು ಮನೆಬಾಗಿಲಿಗೇ ಬರುವ ಈ ಕಾಲದಲ್ಲೂ ಯಾದವಗಿರಿಯಿಂದ ಸ್ಕೂಟರಿನಲ್ಲಿ ಬರುವವರಿದ್ದರು.

ಆ ಕೊರೊನಾ ಜ್ವರ ನಮ್ಮಿಬ್ಬರಿಗೂ ಬಂತು. ಇಬ್ಬರಿಗೂ ವಾಸನೆ ಹೋಯಿತು. ಹದಿನೈದು ದಿನಕ್ಕೆ ನನಗೆ ಡಿಕಾಕ್ಷನ್ನಿನ ಘಮ ಮರಳಿತು. ಖುಷಿಗೆ ಕೂಗಿಕೊಂಡೆ. “ನಿಮಗೆ?” ಎಂದೆ. “ನಂಗೂ ಬಂತು ಬುಡು” ಎಂದರು. ನಂಬಿದೆ.

ಒಬ್ಬರು ಟೀಚರಮ್ಮ ಇದ್ದರು, ರಿಟೈರಾದವರು, ನಮ್ಮ ಬಹಳ ಹಳೆಯ ಗಿರಾಕಿ. ಅವರ ಮೊಮ್ಮಗುವಿಗೆ ಆರು ತಿಂಗಳು ತುಂಬಿತ್ತು. ರಾಗಿ ಸರಿ ಉಣ್ಣಿಸಲು ತಾವೇ ಕಾಳು ತೊಳೆದು, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಸ್ಟೀಲ್ ಡಬ್ಬದಲ್ಲಿ ತಂದಿದ್ದರು. ನಾನು ಅಂಗಡಿಗೆ ಹೋಗಿ ಹಿಂದಿರುಗುತ್ತಿದ್ದೆ. ಬಾಗಿಲಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಇವರು ಮಿಷನ್ನಿನ ಪಕ್ಕದಲ್ಲೇ ನಿಂತಿದ್ದಾರೆ! ಚಿಟಿಕೆ ತೆಗೆದರು, ಉಜ್ಜಿದರು, ಮೂಸಿದರು. “ಆಯ್ತು ಟೀಚರಮ್ಮ, ತಗೊಂಡ್ಹೋಗಿ.”

ನನಗೆ ಎಲ್ಲಿತ್ತೋ ಸಿಟ್ಟು. “ಏನ್ರೀ, ಮೂಗನ್ನ ಎಲ್ಲಿ ಅಡ ಇಟ್ಟು ಬಂದ್ರಿ? ಮಗು ತಿನ್ನೋ ಹಿಟ್ಟು ಕಣ್ರೀ! ಬೀದಿಗೆಲ್ಲ ಸೀದ ವಾಸ್ನೆ ಬರ್ತಿದೆ, ನಿಮ್ಗೊಬ್ರಿಗೆ ಬರ್ಲಿಲ್ವಾ?”

ಬೆಂಚಿನವರು ನಕ್ಕರು. ಇವರೂ ನಕ್ಕರು. ಟೀಚರಮ್ಮ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿದರು. “ಪರವಾಗಿಲ್ಲ ಬಿಡಮ್ಮ, ನಾವು ದೊಡ್ಡೋರು ತಿಂತೀವಿ” ಎಂದು ಹೊರಟರು. ಆಮೇಲೆ ಬರಲಿಲ್ಲ. ಜಗಳವಾಡಿದ ಗಿರಾಕಿ ವಾರದೊಳಗೆ ಬಂದೇ ಬರುತ್ತಾರೆ, ಅದು ನನಗೆ ಗೊತ್ತಿತ್ತು. ಪರವಾಗಿಲ್ಲ ಎಂದವರದೇ ನನಗೆ ಭಯ.

ಆ ದಿನದಿಂದ ಇವರು ಕಲ್ಲು ಬಿಗಿ ಮಾಡುವುದನ್ನೇ ಬಿಟ್ಟರು. ಹಿಟ್ಟು ಸೀಯಲಿಲ್ಲ, ಆದರೆ ತರಿತರಿಯಾಗಿ ಬಂತು. ಚಪಾತಿ ಹರೀತಿದೆ, ಮುದ್ದೆ ಗಂಟಾಗ್ತಿದೆ ಅಂತ ದೂರು. ಅದಕ್ಕೂ ನಾನು ಎಲ್ಲರೆದುರು ಕಿರುಚಿದೆ. ಇವರು ತಲೆ ತಗ್ಗಿಸಿ ತೂಕ ಹಾಕುತ್ತಿದ್ದರು. ಡಬ್ಬಗಳ ಸಾಲು ಗಿಡ್ಡವಾಗುತ್ತಾ ಬಂತು.

ಒಂದು ಭಾನುವಾರ ಮಧ್ಯಾಹ್ನ ಹಾಲು ಒಲೆ ಮೇಲಿಟ್ಟು, ಬಟ್ಟೆ ತರಲು ತಾರಸಿಗೆ ಹೋದೆ. ಪಕ್ಕದ ಮನೆಯಾಕೆಯೊಂದಿಗೆ ಮಾತಿಗೆ ನಿಂತುಬಿಟ್ಟೆ. ಇಳಿಯುವಾಗ ಮೆಟ್ಟಿಲಿಗೇ ಸೀದ ಕಮಟು ಬಂತು. ಓಡಿಬಂದರೆ, ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕರ‍್ರಗಾಗಿದೆ. ಒಲೆಗೆ ಬೆನ್ನು ಹಾಕಿ ಎರಡು ಮಾರು ದೂರದಲ್ಲಿ ಇವರು ಪೇಪರ್ ಓದುತ್ತಾ ಕೂತಿದ್ದಾರೆ. ಬೈಯಲು ಬಾಯಿ ತೆರೆದೆ. ಇವರು ತಿರುಗಿ, “ಯಾಕೆ, ಏನಾಯ್ತು?” ಎಂದರು. ಒಲೆ ನೋಡಿದರು, ನನ್ನನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

“ಎಷ್ಟು ದಿನದಿಂದ?” ಎಂದೆ.

“ಜ್ವರ ಬಂದಾಗಿಂದ.”

“ನನ್ಗಾದ್ರೂ ಹೇಳ್ಬಾರ್ದಾ?”

“ಮೂಗೇ ಇಲ್ಲ ಅಂದ್ಮೇಲೆ ಮಿಲ್ಲಲ್ಲಿ ನನ್ಗೇನ್ ಕೆಲ್ಸ, ಹೇಳು.”

ಎಂಟು ತಿಂಗಳು! ಎಂಟು ತಿಂಗಳು ಈ ಮನುಷ್ಯ ನಾನು ಮಾಡಿದ ಸಾರನ್ನೆಲ್ಲ “ಚೆನ್ನಾಗಿದೆ” ಅಂತ ಉಂಡಿದ್ದರು. ಮೂಗು ಅಡ ಇಟ್ರಾ ಅಂತ ಊರ ಮುಂದೆ ಕೇಳಿದ್ದೆನಲ್ಲ, ನನ್ನ ಹಾಳು ಬಾಯಿಗಿಷ್ಟು ಮಣ್ಣು ಹಾಕ. ಅಲ್ಲೇ ಕೂತು ಅತ್ತೆ. ಇವರು ಸೀದ ಪಾತ್ರೆಯನ್ನು ತೆಗೆದುಕೊಂಡು ಉಜ್ಜತೊಡಗಿದರು.

ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಇವರು ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿಯುತ್ತಿದ್ದರು, ಮುಚ್ಚಿ ಇಡುತ್ತಿದ್ದರು.

ಮಿಲ್ಲಿನಲ್ಲಿ ನಾನು ಮಿಷನ್ನಿನ ಪಕ್ಕ ನಿಲ್ಲತೊಡಗಿದೆ. ಸೀದ ವಾಸನೆ ಬಂದರೆ ಕೆಮ್ಮುತ್ತಿದ್ದೆ, ಇವರು ಚಕ್ರ ಸಡಿಲಿಸುತ್ತಿದ್ದರು. ಚಿಟಿಕೆ ಮೂಸಿ ನನ್ನತ್ತ ನೋಡುತ್ತಿದ್ದರು, ಸರಿಯಿದ್ದರೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. “ಅಮ್ಮಾವ್ರಿಗೆ ಯಾಕೋ ಹುಷಾರಿಲ್ಲ ಅನ್ಸುತ್ತೆ, ಬರೀ ಕೆಮ್ತಾರೆ, ಮಾತೇ ಇಲ್ಲ” ಎಂದರು ಬೆಂಚಿನವರು.

ಮೊನ್ನೆ ಟೀಚರಮ್ಮ ಬಂದರು. ಅದೇ ಸ್ಟೀಲ್ ಡಬ್ಬ, ಅದೇ ಮೊಳಕೆ ರಾಗಿ. ಮೊಮ್ಮಗು ಈಗ ನಡೆಯುತ್ತಂತೆ. ಬೇರೆ ಕಡೆ ಬೀಸಿಸಿದ್ದು ಅವರಿಗೆ ಒಗ್ಗಲಿಲ್ಲವಂತೆ. ನಾನು ಒಂದು ಸಲ ಕೆಮ್ಮಿದೆ, ಇವರು ಚಕ್ರ ಸಡಿಲಿಸಿದರು. ಹಿಟ್ಟು ಚೆಂದ ಬಂತು. ಇವರು ಚಿಟಿಕೆ ತೆಗೆದು ಉಜ್ಜಿ, ಮೂಗಿನವರೆಗೆ ತಂದವರು ನಿಂತುಬಿಟ್ಟರು. ಅದನ್ನು ತಂದು ನನ್ನ ಅಂಗೈಗೆ ಹಾಕಿದರು.

“ಟೀಚರಮ್ಮ, ನನ್ಗೆ ವಾಸ್ನೆ ಹೋಗಿ ವರ್ಷದ ಮೇಲಾಯ್ತು. ಅವತ್ತು ಮಗು ಹಿಟ್ಟು ಸೀದಿದ್ದು ನನ್ಗೆ ನಿಜ್ವಾಗ್ಲೂ ಗೊತ್ತಾಗ್ಲಿಲ್ಲ. ಇನ್ಮೇಲೆ ಇವಳನ್ನ ಕೇಳಿ.”

ಬೆಂಚಿನಲ್ಲಿ ಯಾರೂ ನಗಲಿಲ್ಲ. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನಾನು ಮೂಸಿದೆ. ಬೆಚ್ಚಗಿನ ಮೊಳಕೆ ರಾಗಿ, ನಮ್ಮ ಮದುವೆಯಾದ ಹೊಸದರಲ್ಲಿ ಇವರ ಅಂಗಿಗೆಲ್ಲ ಹತ್ತಿಕೊಂಡು ಬರುತ್ತಿದ್ದ ಅದೇ ಘಮ.

“ಹೇಗಿದೆ?” ಎಂದರು ಇವರು. ಟೀಚರಮ್ಮನಿಗಾಗಿ ಕೇಳಿದ್ದಲ್ಲ ಅದು. ತಮಗೇ ಬೇಕಾಗಿ ಕೇಳಿದ್ದು.

ಅಂಗೈಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದೆ.

“ಚೆನ್ನಾಗಿದೆ” ಎಂದೆ.

ಇವರು ತಲೆಯಾಡಿಸಿ, ಮುಚ್ಚಳ ಹಾಕಿ, ಡಬ್ಬವನ್ನು ಟೀಚರಮ್ಮನ ಸ್ಕೂಟರಿನವರೆಗೆ ಹೊತ್ತುಕೊಂಡು ಹೋದರು. ಆಮೇಲೆ ಬಂದು ತಕ್ಕಡಿಯ ಹಿಂದೆ ಕೂತರು. ಈಗ ಚಿಟಿಕೆ ತೆಗೆಯುವುದು ನಾನು. ಒಂದೊಂದು ಡಬ್ಬ ಮುಗಿದಾಗಲೂ ಇವರು ಅಲ್ಲಿಂದಲೇ ಹೇಗಿದೆ ಅಂತ ಕೇಳುತ್ತಾರೆ.