ಮುಚ್ಚಿದ ಬಾಗಿಲಿಗೆ ಕಿವಿಗೊಡುವ ಮಾತ್ರೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಒಬ್ಬ ಹೆಂಗಸು ಕೂತಿದ್ದಾರೆ. ಸದ್ದಾದೀತೆಂದು ಚಪ್ಪಲಿ ಕಳಚಿ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ಹಾಲು ಹಾಕುವವನು ಹತ್ತಿ ಬಂದು ಬಾಯಿ ತೆರೆಯುವಷ್ಟರಲ್ಲಿ ಇವರ ಬೆರಳು ತುಟಿಗೆ ಹೋಗುತ್ತದೆ. ಅವನೂ ಕಳ್ಳಹೆಜ್ಜೆ ಇಡುತ್ತಾ ಮುಂದಿನ ಮನೆಗೆ ಹೋಗುತ್ತಾನೆ. ಬಾಗಿಲ ಆಚೆ ನಾಯಿಯೊಂದು ಒಂಟಿಯಾಗಿದೆ. ಅದು ಈ ಮನೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತಿನ ಬೆಳಗಿನ ಮೇಲೆ ನಿಂತಿದೆ.

ಈ ಬೀದಿಗಳಲ್ಲಿ ಎಲ್ಲರೂ ಇವರನ್ನು ಮಾತ್ರೆಯಕ್ಕ ಎನ್ನುತ್ತಾರೆ. ಹೆದರಿಕೆಯ ಕಾಯಿಲೆ ಇರುವ ನಾಯಿಗಳಿಗೆ ಪಶುವೈದ್ಯೆ ಬರೆದುಕೊಟ್ಟ ಮಾತ್ರೆಯನ್ನು ಮನೆಮನೆಗೆ ಹೋಗಿ ತಿನ್ನಿಸಿ ಬರುವುದು ಇವರ ಕೆಲಸ. ಸೈಕಲ್ಲಿನ ಬುಟ್ಟಿಯಲ್ಲಿ ಮಾತ್ರೆ ಹುದುಗಿಸಿ ಉಂಡೆ ಕಟ್ಟಲು ಬಾಳೆಹಣ್ಣು, ಕೈ ಒರೆಸಲು ಒಂದು ಹಳೆಯ ಟವೆಲ್. ಕುಕ್ಕರ್ ಕೂಗಿದರೆ ಮಂಚದಡಿ ನುಗ್ಗುವ ನಾಯಿ, ಕೊಡೆ ಬಿಚ್ಚಿದರೆ ನಡುಗುವ ನಾಯಿ, ಹೀಗೆ ಬಿಸಿಲೇರುವುದರೊಳಗೆ ಹತ್ತು ಹನ್ನೆರಡು ಮನೆ ಮುಗಿಯುತ್ತವೆ.

ಮೊದಲು ಇವರು ಪ್ರಾಣಿಗಳ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದರು. ಒಂದು ದಿನ ನಾಯಿ ಹಿಡಿದುಕೊಳ್ಳಲು ಆಳು ಸಾಲದೆ ಇವರನ್ನೇ ಕೂಗಿದರು. ಕಸಬರಿಕೆ ಗೋಡೆಗೆ ಒರಗಿಸಿ ಹೋದವರು ಮತ್ತೆ ಅದನ್ನು ಹಿಡಿದದ್ದು ಕಡಿಮೆ. ಎಡಗೈ ತುಂಬ ಕಚ್ಚಿದ ಗುರುತುಗಳಿವೆ. ನಾಯಿಗೆ ಅಮಲು ಹತ್ತಿಸುತ್ತಾಳೆ ಎಂದು ಆಡಿಕೊಂಡವರೂ ಇದ್ದಾರೆ.

"ನುಂಗಿದ ತಕ್ಷಣ ಧೈರ್ಯ ಬರೋ ಮಾತ್ರೆ ಅಲ್ಲ ಇದು. ವಾರಗಟ್ಟಲೆ ಕಾಯ್ಬೇಕು. ಭಯ ಒಂದಿಷ್ಟು ಇಳಿದ್ಮೇಲೆ ನಾವು ಕಲಿಸ್ಬೇಕು. ಹಸಿದವನಿಗೆ ಪಾಠ ಹೇಳಿದ್ರೆ ತಲೆಗೆ ಹತ್ತುತ್ತಾ? ಹೆದರಿದ್ದಕ್ಕೂ ಹಂಗೇನೆ," ಎನ್ನುತ್ತಾರೆ ಮಾತ್ರೆಯಕ್ಕ.

ಮನೆಯಲ್ಲಿ ಅವರ ತಾಯಿಯದು ಬೇರೆಯೇ ದೂರು. ಊರ ನಾಯಿಗೆಲ್ಲ ಹೊತ್ತಿಗೆ ಸರಿಯಾಗಿ ಮಾತ್ರೆ, ಹೆತ್ತವಳು ಬಿಪಿ ಮಾತ್ರೆ ಮರೆತರೆ ಕೇಳೋರಿಲ್ಲ ಅಂತ. ಮಗಳ ಉತ್ತರವೂ ಸಿದ್ಧವಿದೆ: "ನಾಯಿ ಬಾಯಿ ತೆರೆಸೋದು ಕಷ್ಟ ಕಣಮ್ಮ. ನಿಂದು ಮುಚ್ಚಿಸೋದು ಕಷ್ಟ."

ಬಾಗಿಲ ಆಚೆಗಿರುವ ನಾಯಿಯ ಹೆಸರು ಪುಕ್ಕಲ. ಮನೆಯಲ್ಲಿ ಇಬ್ಬರೇ ಜನ: ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಸೊಸೆ, ಬಸ್ ನಿಲ್ದಾಣದಲ್ಲಿ ಪೇಪರ್ ಮಾರುವ ಮಾವ. ಇಬ್ಬರೂ ನಸುಕಿಗೇ ಹೊರಡಬೇಕು. ಬೀಗದ ಕೈ ಸದ್ದಾದರೆ ಸಾಕು, ಪುಕ್ಕಲ ಜೊಲ್ಲು ಸುರಿಸುತ್ತಾ ನಡುಗುತ್ತಿತ್ತು. ಅವರು ಹೋದ ಮೇಲೆ ಬಾಗಿಲು ಪರಚಿ ಬೀದಿಗೆಲ್ಲ ಕೇಳುವಂತೆ ಊಳಿಡುತ್ತಿತ್ತು. ಮೇಲಿನ ಮನೆಯ ಮಾಲೀಕಮ್ಮನಿಗೆ ನಿದ್ದೆಯಿಲ್ಲ. ಅವರು ಗಡುವು ಕೊಟ್ಟರು: ತಿಂಗಳೊಳಗೆ ಊಳು ನಿಲ್ಲಬೇಕು, ಇಲ್ಲ ನಾಯಿ ಹೋಗಬೇಕು.

ಮಾತ್ರೆ ಶುರುವಾಯಿತು. ಜೊತೆಗೆ ಸುಳ್ಳುಸುಳ್ಳೇ ಹೊರಡುವ ಪಾಠ. ಬೀಗದ ಕೈ ಎತ್ತಿಕೊಂಡು ಸುಮ್ಮನೆ ಕೂರಬೇಕು, ಚೀಲ ಹೆಗಲಿಗೇರಿಸಿ ತರಕಾರಿ ಹೆಚ್ಚಬೇಕು. ಹೋಗುವುದೆಂದರೆ ವಾಪಸ್ ಬರುವುದೂ ಹೌದೆಂದು ನಾಯಿಗೆ ತಿಳಿಯಬೇಕು. ಈ ನಾಟಕದಲ್ಲಿ ಮಾವ ಎತ್ತಿದ ಕೈ. ಕೊಡೆ ಹಿಡಿದು ಹೊರಡುತ್ತಾರೆ, ಬಾಗಿಲಾಚೆ ನಿಂತು ಮರಳುತ್ತಾರೆ, ಕೂತು ಮತ್ತೆ ಹೊರಡುತ್ತಾರೆ. ಎದುರುಮನೆಯವರು ಮುದುಕರಿಗೆ ಅರಳುಮರಳು ಎಂದುಕೊಂಡು ಸೊಸೆಗೆ ಸಮಾಧಾನ ಹೇಳಿ ಹೋದರು.

ವಾರಗಳು ಕಳೆದರೂ ಊಳು ಮಾತ್ರ ನಿಲ್ಲಲಿಲ್ಲ. ಔಷಧ ಬದಲಿಸೋಣವೇ ಎಂದು ವೈದ್ಯೆ ಯೋಚಿಸತೊಡಗಿದ್ದರು. ಆಗ ಒಂದು ದಿನ ಮಾವನಿಗೆ ಹುಮ್ಮಸ್ಸು ಬಂದು, ನಾಯಿಗೆ ಬೂಟಿನ ಸದ್ದೂ ಅಭ್ಯಾಸವಾಗಲಿ ಎಂದು ಮೂಲೆಯಲ್ಲಿದ್ದ ಹಳೆಯ ಬೂಟಿಗೆ ಕಾಲು ತೂರಿಸಿದರು. ಬಲಗಾಲಿಗೆ ಏನೋ ಚುಚ್ಚಿತು. ಬೂಟು ಕೊಡವಿದರೆ ಮಾತ್ರೆಗಳು ನೆಲದ ಮೇಲೆ ಉರುಳಿದವು.

"ನನ್ನ ಬಾಳೆಹಣ್ಣಿನ ಉಂಡೆ ಬೇಡ ಅಂದ ನಾಯಿ ಹುಟ್ಟಿಲ್ಲ ಅಂತ ಜಂಬ ಇತ್ತು ನಂಗೆ. ಬಾಯಿ ತೆರೆಸಿ ನೋಡ್ಲೇ ಇಲ್ಲ. ಇದು ಹಣ್ಣು ತಿಂದು, ಮಾತ್ರೆ ಬೂಟಲ್ಲಿ ಉಳಿತಾಯ ಮಾಡ್ತಿತ್ತು," ಎಂದು ಮಾತ್ರೆಯಕ್ಕ ನಗುತ್ತಾರೆ. ಮಾವ ಅಂದು ಗಂಭೀರವಾಗಿಯೇ ಹೇಳಿದರಂತೆ: "ನನ್ನ ಬಲಗಾಲಿಗೆ ಇನ್ನು ಭಯ ಅನ್ನೋದೇ ಇಲ್ಲಮ್ಮ."

ಆದರೆ ಗಡುವು ಹತ್ತಿರವಿತ್ತು. ವೈದ್ಯೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ, ಅದೇ ಮಾತ್ರೆ ಇರಲಿ, ಲೆಕ್ಕ ಇವತ್ತಿಂದ ಹೊಸದಾಗಿ ಶುರು ಎಂದರು ಅವರು. ಮಾತ್ರೆಯಕ್ಕ ನೇರ ಮಹಡಿ ಹತ್ತಿ ಮಾಲೀಕಮ್ಮನ ಮುಂದೆ ನಿಂತರು. "ತಪ್ಪು ನಾಯಿದಲ್ಲಮ್ಮ, ನಂದು. ಇನ್ನೊಂದು ತಿಂಗಳು ಕೊಡಿ. ಅದಕ್ಕಲ್ಲ, ನಂಗೆ." ಮಾಲೀಕಮ್ಮ ಅವರ ಕೈ ಮೇಲಿನ ಗುರುತುಗಳನ್ನು ನೋಡಿದರು. ಆಗಲಿ, ಆದರೆ ನನ್ನ ಕಿವಿ ಚುರುಕಾಗಿದೆ, ಕೇಳಿಸಿಕೊಳ್ಳುತ್ತಲೇ ಇರುತ್ತೇನೆ ಎಂದರು.

ಅಂದಿನಿಂದ ಉಂಡೆ ಮೂರು. ಮೊದಲನೆಯದು ಬರಿ ಹಣ್ಣು, ಎರಡನೆಯದರಲ್ಲಿ ಮಾತ್ರೆ. ಮೂರನೆಯದನ್ನು ಮೂಗಿನ ಮುಂದೆಯೇ ಹಿಡಿದಿರುತ್ತಾರೆ. ಅದರ ಆಸೆಗೆ ಪುಕ್ಕಲ ಎರಡನೆಯದನ್ನು ಗುಳುಂ ಮಾಡುತ್ತದೆ. ಆಮೇಲೆ ವಸಡಿನ ಸುತ್ತ ಬೆರಳಾಡಿಸಿ ನೋಡುತ್ತಾರೆ. ಬೂಟು ಅಟ್ಟ ಸೇರಿದೆ.

ಆ ತಿಂಗಳು ಇವತ್ತಿಗೆ ತೀರುತ್ತದೆ. ಈಗಷ್ಟೇ ಮಾತ್ರೆ ನುಂಗಿಸಿ ಆಗಿದೆ. ಸೊಸೆ, ಮಾವ ಬೀಗ ಹಾಕಿ, ತಿರುಗಿ ತಿರುಗಿ ನೋಡುತ್ತಾ ಹೋಗಿದ್ದಾರೆ. ಒಳಗೆ ಉಗುರಿನ ಸದ್ದು ಬಾಗಿಲವರೆಗೆ ಬರುತ್ತದೆ. ಸಣ್ಣಗೆ ಒಂದು ಕುಂಯ್. ಮಾತ್ರೆಯಕ್ಕನ ಕೈ ಚಪ್ಪಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಉಗುರಿನ ಸದ್ದು ಹಿಂದಕ್ಕೆ ಹೋಗುತ್ತದೆ, ಚಾಪೆಯ ಮೇಲೆ ಒಂದು ಸುತ್ತು ಹಾಕುತ್ತದೆ. ಧೊಪ್ಪೆಂದು ಮಲಗಿದ ಸದ್ದು, ಉದ್ದನೆಯ ಒಂದು ನಿಟ್ಟುಸಿರು. ಆಮೇಲೆ ಏನೂ ಇಲ್ಲ.

ಎಷ್ಟೋ ಹೊತ್ತಿನ ಮೇಲೆ ಮೇಲಿನ ಬಾಗಿಲು ತೆರೆಯುತ್ತದೆ. ಮಾಲೀಕಮ್ಮ ಟೀ ಲೋಟ ಹಿಡಿದು ಅರ್ಧ ಮೆಟ್ಟಿಲು ಇಳಿದು ಬರುತ್ತಾರೆ. ಮುಖ ಸಪ್ಪಗಿದೆ.

"ಕಳಿಸೇಬಿಟ್ರಾ ಅದನ್ನ?"

"ಒಳಗೇ ಇದೆಯಮ್ಮ."

ಅವರಿಗೆ ನಂಬಿಕೆಯಿಲ್ಲ. ಉಳಿದ ಮೆಟ್ಟಿಲೂ ಇಳಿದು, ಲೋಟ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಬಗ್ಗಿ, ತಾವೂ ಬಾಗಿಲಿಗೆ ಕಿವಿ ಹಚ್ಚುತ್ತಾರೆ. ಒಳಗಿನಿಂದ ಗೊರಕೆ ಕೇಳುತ್ತದೆ. ಮಾಲೀಕಮ್ಮ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. "ಇನ್ನು ನಾನೊಂದು ಅಲಾರಂ ಕೊಂಡ್ಕೋಬೇಕು ಹಂಗಾದ್ರೆ," ಎಂದು ಪಿಸುಗುಡುತ್ತಾರೆ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ.

ಮಾತ್ರೆಯಕ್ಕ ಬರಿಗಾಲಲ್ಲೇ ಇಳಿಯುತ್ತಾರೆ. ಚಪ್ಪಲಿ ಮೆಟ್ಟುವುದು ಸೈಕಲ್ಲಿನ ಬಳಿ ಬಂದ ಮೇಲೆಯೇ. ಈ ಕೆಲಸದಲ್ಲಿ ಇನ್ನೇನು ಆಸೆ ಎಂದು ಕೇಳಿದರೆ, ಪುಕ್ಕಲನ ಮನೆಯ ಕಿಟಕಿಯತ್ತ ಒಮ್ಮೆ ನೋಡಿ ಪೆಡಲಿಗೆ ಕಾಲಿಡುತ್ತಾರೆ.

"ನನ್ನ ಕಂಡ್ರೆ ಬಾಲ ಆಡಿಸ್ಬೇಕು ಅಂತೇನಿಲ್ಲ. ನಾನು ಬಾಗಿಲಾಚೆ ಕೂತಿದ್ದೆ ಅಂತ ಗೊತ್ತಾಗದ ಹಂಗೆ ನಿದ್ದೆ ಮಾಡ್ಲಿ, ಸಾಕು."